ಮುಚ್ಚದ ಓಲೆಗಳು

ಮಲಪ್ರಭೆಯ ದಂಡೆಯ ಮಠವೊಂದರಲ್ಲಿ ಮುರಿಗಯ್ಯನೆಂಬ ಶಿಷ್ಯ ತಾಳೆಗರಿಯ ಹಾಡುಗಳನ್ನು ಕಂಪ್ಯೂಟರಿನಲ್ಲಿ ಓದಿ ಬರೆದಿಡುತ್ತಿದ್ದ. ಓಲೆಯ ಕಟ್ಟು ತಂದುಕೊಟ್ಟವಳು ಗೌರವ್ವಜ್ಜಿ. "ನನ್ನ ಗಂಡ ಹಾಡತಿದ್ದ ಹಾಡು. ಕಿವಿ ಪೂರ್ತಿ ಹೋಗೂದರೊಳಗ ಒಮ್ಮೆ ಎಲ್ಲಾ ಕೇಳಿಸಪಾ" ಅಂದಿದ್ದಳು. ಆ ಕಿವಿ ದಿನದಿನಕ್ಕೆ ಮಂದವಾಗುತ್ತಿತ್ತು.

ಅಕ್ಷರಗಳೋ, ಸವೆದು ಸಾಸಿವೆಗಿಂತ ಸಣ್ಣ. ಫೋಟೋ ತೆಗೆದು ಪರದೆಯ ಮೇಲೆ ಹಿಗ್ಗಿಸಿದರೆ ಮಾತ್ರ ಓದಲು ಬರುತ್ತಿತ್ತು. ಆದರೆ ನಲವತ್ತನೆಯ ಓಲೆಯ ಹೊತ್ತಿಗೆ ಕಂಪ್ಯೂಟರ್ ಗರ ಬಡಿದಂತೆ ನಿಂತುಬಿಡುವುದು. ಆ ದಿನ ಬರೆದದ್ದೆಲ್ಲ ನೀರುಪಾಲು. ಮೂರು ಸಲ ಹೀಗಾಯಿತು.

ಮುರಿಗಯ್ಯ ಗುರುಗಳ ಮುಂದೆ ಗೋಳಾಡಿದ. "ಅಜ್ಜಾರ, ಓಲಿ ತೋರಸೋ ಆ ಸಾಫ್ಟ್‌ವೇರು ಬಕಾಸುರ ಐತ್ರಿ. ಇದ್ದಬದ್ದ ಮೆಮೊರಿನೆಲ್ಲಾ ತಾನ ನುಂಗತೈತಿ. ಬ್ಯಾರೆ ದೊಡ್ಡ ಕಂಪ್ಯೂಟರ್ ತರಸಬೇಕ್ರಿ."

ಗುರುಗಳು ಜೀವಮಾನದಲ್ಲಿ ಮೌಸ್ ಮುಟ್ಟಿದವರಲ್ಲ. "ಯಾವಾಗ ನುಂಗತೈತಿ?" ಎಂದರು.

"ಯಾವಾಗಲೂರಿ."

"ನೋಡಿ ಹೇಳತಿಯೋ, ಸಿಟ್ಟಿಗೆ ಹೇಳತಿಯೋ?"

ಶಿಷ್ಯ ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿ, ಯಾವ ಸಾಫ್ಟ್‌ವೇರ್ ಎಷ್ಟು ಮೆಮೊರಿ ಹಿಡಿದಿದೆಯೆಂದು ತೋರಿಸುವ ಪಟ್ಟಿ ತೆರೆದ. ಗುರುಗಳು ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತರು.

ಒಂದು ಓಲೆ ತೆರೆದಾಗ ಅಂಕಿ ಕೊಂಚ ಏರಿತು. ಎರಡನೆಯದಕ್ಕೆ ಇನ್ನಷ್ಟು. ಹತ್ತು ತೆರೆದು ಅರ್ಧ ಗಂಟೆ ಸುಮ್ಮನೆ ಬಿಟ್ಟು ನೋಡಿದರು. ಏರಲೂ ಇಲ್ಲ, ಇಳಿಯಲೂ ಇಲ್ಲ.

"ಹಂಗಾರ ಅದು ತಾನಾಗಿ ನುಂಗೂದಿಲ್ಲ. ಓದಿ ಮುಗಿದ ಓಲಿ ಎಲ್ಲಿ ಅದಾವು?"

"ಎಲ್ಲಾ ತೆರದ ಅದಾವ್ರಿ."

"ಯಾಕ ಮುಚ್ಚಲಿಲ್ಲ?"

ಮುರಿಗಯ್ಯ ತಲೆ ತಗ್ಗಿಸಿದ. "ಬಿಚ್ಚಿದ ಗ್ರಂಥ ಪಾರಾಯಣ ಮುಗಿಯೂತನಕ ಮುಚ್ಚಬಾರದು ಅಂತ ನಮ್ಮ ಮಠದ ಪದ್ಧತಿ ಅಲ್ರೀ. ನೀವ ಕಲಿಸೀರಿ."

ಗುರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಅವನ ಬೆನ್ನು ಸವರಿದರು.

"ತಪ್ಪು ನಂದಪಾ. ಮುಚ್ಚಬಾರದು ಅಂತ ಕಲಿಸಿದೆ, ಯಾಕ ಅಂತ ಕಲಿಸಲಿಲ್ಲ. ಓದೂದು ನಡುವ ನಿಲ್ಲಬಾರದು, ಅಷ್ಟ. ಈಗ ಅದನ್ನ ನಿಲ್ಲಸಾಕ ಹತ್ತಿದ್ದು ಯಾವುದು?"

ಶಿಷ್ಯ ಮೊದಲನೆಯ ಓಲೆಗೆ ಕೈಮುಗಿದು, ಮುಚ್ಚಿದ. ಅಂಕಿ ಇಳಿಯಿತು.

ಆರನೆಯ ದಿನಕ್ಕೆ ನೂರಿಪ್ಪತ್ತು ಓಲೆಗಳೂ ಮುಗಿದವು. ಗೌರವ್ವಜ್ಜಿಯ ಕಿವಿಗೆ ಹತ್ತಿಕೊಂಡು ಕೂತು ಮುರಿಗಯ್ಯ ಗಂಟಲು ಹರಿಯುವಂತೆ ಹಾಡಿದ. ಕಡೆಯ ಹಾಡು ಮುಗಿದಾಗ ಅಜ್ಜಿ ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ನಿಮ್ಮ ಮಠ ತಣ್ಣಗಿರಲಿ" ಎಂದು ಹರಸಿದಳು.

ಅವನು ಓಡೋಡಿ ಬಂದು ಗುರುಗಳ ಪಾದಕ್ಕೆ ಬಿದ್ದ.

"ನಿಮ್ಮಿಂದ ಆತ್ರಿ ಅಜ್ಜಾರ. ಆದರ ಒಂದು ಸಂಕಟ. ಮೊದಲನೇ ಹಾಡು ಯಾವುದಿತ್ತು ಅಂತ ಕೇಳಿದೆ. ಆಕಿಗೆ ನೆನಪ ಇಲ್ಲ. ಇಷ್ಟು ಲಗೂನ ಮರತಬಿಟ್ಟಾಳ್ರಿ."

"ಮರೀಲಿ ಬಿಡೋ," ಎಂದರು ಗುರುಗಳು. "ಕೇಳ್ಯಾಳಲ್ಲ."