ಕೆಂಪಜ್ಜಿಯ ಹುಟ್ಟಿದಹಬ್ಬದಲ್ಲಿ ಮುದ್ದಯ್ಯ

ಒಂದೂರಿನಲ್ಲಿ ಒಬ್ಬ ಪೆದ್ದ ಇದ್ದ. ಊರಿನ ಹೆಸರು ಹೇಳಿದರೆ ಅಲ್ಲಿಯವರು ನನ್ನ ಮನೆ ಬಾಗಿಲಿಗೆ ಜಗಳಕ್ಕೆ ಬರುತ್ತಾರೆ, ಅದು ಬೇಡ. ಪೆದ್ದನ ಹೆಸರು ಮುದ್ದಯ್ಯ. ವಯಸ್ಸು ಇಪ್ಪತ್ತೈದು, ಆಳು ಬಾಗಿಲೆತ್ತರ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವನ ತಾಯಿ ಜವರಮ್ಮನ ತಲೆನೋವು. ಊರವರೆಲ್ಲ ಮಾತು ಕೇಳದ ಮಕ್ಕಳನ್ನು ಹೆತ್ತು ಅಳುತ್ತಿದ್ದರೆ, ಅವಳೊಬ್ಬಳು ಮಾತು ಕೇಳುವ ಮಗನನ್ನು ಹೆತ್ತು ಅಳುತ್ತಿದ್ದಳು.

ಮನೆಯಲ್ಲಿದ್ದ ಇನ್ನೊಬ್ಬರು ಕೆಂಪಜ್ಜಿ, ಜವರಮ್ಮನ ಅತ್ತೆ. ಗಂಡ ತೀರಿಕೊಂಡ ಮೇಲೆ ಜವರಮ್ಮನಿಗೆ ತಾಯಿಯೂ ಅವಳೇ, ಜೊತೆಗಾತಿಯೂ ಅವಳೇ. ಊಟವಾದ ಮೇಲೆ ಅತ್ತೆ ಸೊಸೆ ಇಬ್ಬರೂ ಜಗುಲಿಯ ಮೇಲೆ ಕೂತು ಒಂದೇ ತಟ್ಟೆಯಿಂದ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಅಜ್ಜಿಯ ಮಗಳು ಸಾವಂತ್ರಮ್ಮ ಪಟ್ಟಣದಲ್ಲಿದ್ದಳು. ಅವಳ ಇಬ್ಬರು ಪುಟ್ಟ ಮಕ್ಕಳು, ಪಲ್ಲವಿ ಮತ್ತು ಚಂದು, ಒಂದು ದಿನ ಫೋನಿನಲ್ಲಿ ಕೇಳಿದವು.

"ಅಜ್ಜಿ, ನಿನ್ ಹುಟ್ಟಿದಬ್ಬ ಯಾವತ್ತು?"

"ಹುಣಸೆಹಣ್ಣು ಬಡಿಯೋ ಕಾಲ್ದಲ್ಲಿ ಹುಟ್ದೆ ಅಂತ ನಮ್ಮವ್ವ ಹೇಳೋಳು ಕಣ್ರಪ್ಪ."

ಮಕ್ಕಳಿಗೆ ಅಷ್ಟೇ ಸಾಕಾಯಿತು. ಹುಣಸೆ ಬಡಿಯುವ ಕಾಲದ ಒಂದು ಭಾನುವಾರ ಗೊತ್ತು ಮಾಡಿಯೇಬಿಟ್ಟವು. ಎಪ್ಪತ್ತೈದು ವರ್ಷಕ್ಕೆ ಅಜ್ಜಿಗೆ ಮೊದಲನೇ ಹುಟ್ಟಿದಹಬ್ಬ. ಮಧ್ಯಾಹ್ನ ಒಬ್ಬಟ್ಟಿನ ಊಟ, ಮುಚ್ಚಂಜೆ ಹೊತ್ತಿಗೆ ಅಜ್ಜಿಯನ್ನು ಮಣೆ ಮೇಲೆ ಕೂರಿಸಿ ಮಕ್ಕಳ ಕೈಯಲ್ಲಿ ಆರತಿ ಎಂದಾಯಿತು.

ಆಮೇಲೆ ಸಾವಂತ್ರಮ್ಮ ಫೋನು ಇಸಕೊಂಡಳು. "ಅತ್ಗೆ, ಬತ್ತೀವಿ. ಆದ್ರೆ ನಿಮ್ ಮುದ್ದಯ್ಯನ ಜೊತೇಲಿ ನಮ್ಮವ್ವ ಏನ್ ಸುಖ ಪಡ್ತಾವಳೋ ಕಣ್ಣಾರ ನೋಡ್ಬೇಕು. ಸರಿ ಕಾಣ್ನಿಲ್ಲ ಅಂದ್ರೆ ಅವತ್ತೇ ಅವ್ವನ ಕರ್ಕೊಂಡು ಹೋಗ್ಬುಡ್ತೀನಿ."

ಜವರಮ್ಮನಿಗೆ ದಿಗಿಲಾಯಿತು. ಅತ್ತೆ ಹೋದರೆ ಈ ಮನೆಯಲ್ಲಿ ತನ್ನ ಜೊತೆ ಮಾತಾಡುವವರು ಯಾರು? ಒಂದೇ ಒಂದು ದಿನ, ಮಗ ಎಡವಟ್ಟು ಮಾಡದೆ ಕಳೆದರೆ ಸಾಕು ಎಂದು ಕಂಡ ದೇವರಿಗೆಲ್ಲ ಕೈಮುಗಿದಳು.

ಶನಿವಾರ ಬೆಳಿಗ್ಗೆ ಮಗನನ್ನು ಕರೆದಳು. "ತೋಟದಿಂದ ನೂರು ವೀಳ್ಯದೆಲೆ ತಗೊಂಡ್ ಬಾ. ಒಂದೊಂದನ್ನೂ ನೋಡಿ ತಗೊಂಡ್ ಬಾ."

ಮುದ್ದಯ್ಯ ಹೋದ. ಬಯಲಲ್ಲಿ ಕೂತ, ಎಲೆಯನ್ನೆಲ್ಲ ಹರಡಿದ, ಒಂದೊಂದನ್ನೂ ನೋಡಿದ. ಮುಂದೆ ನೋಡಿದ, ಹಿಂದೆ ನೋಡಿದ, ಪಕ್ಕಕ್ಕಿಟ್ಟ. ನೂರು ಎಲೆ ನೋಡಿ ಮುಗಿಸುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿದ್ದ, ಎಲೆ ಬಾಡಿ ಬತ್ತಿಯಾಗಿತ್ತು.

"ಅಯ್ಯೋ ನಿನ್ನ! ಎಲೇನ ಒದ್ದೆ ಬಟ್ಟೇಲಿ ಸುತ್ತಿ, ದಾರೀಲಿ ನೀರು ಚಿಮುಕಿಸ್ಕೊಂಡು ಬೇಗ ತರ್ಬೇಕು ಕಣೋ."

"ಆಗ್ಲಿ ಕಣವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಮಧ್ಯಾಹ್ನ ಆಲೆಮನೆಯಿಂದ ಒಬ್ಬಟ್ಟಿಗೆ ಬೆಲ್ಲ ತರಲು ಕಳಿಸಿದಳು. ಮುದ್ದಯ್ಯ ಬೆಲ್ಲದಚ್ಚುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿದ. ಕಾಲುವೆ ಸಿಕ್ಕಿದಾಗ ಚಿಮುಕಿಸಿದ, ನಲ್ಲಿ ಸಿಕ್ಕಿದಾಗ ಚಿಮುಕಿಸಿದ, ಬೇಗ ಬೇಗ ನಡೆದ. ಮನೆ ಸೇರಿದಾಗ ಕೈಯಲ್ಲಿ ಬಟ್ಟೆ ಇತ್ತು, ಬೆಲ್ಲ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು, ಹಿಂದೆ ಇರುವೆ ಸಾಲುಗಟ್ಟಿ ಬರುತ್ತಿತ್ತು.

"ನಿಂಗೆ ಹೇಳಿ ಹೇಳಿ ನನ್ ಬಾಯಿ ಬಿದ್ದೋಯ್ತು. ನೀರು ಯಾಕೋ ಹಾಕ್ದೆ? ಕುಕ್ಕೇಲಿ ಇಟ್ಟು, ಮೇಲೆ ಮೊರ ಮುಚ್ಚಿ, ತಲೆ ಮೇಲೆ ಹೊತ್ಕೊಂಡು ತರ್ಬೇಕು."

"ಆಗ್ಲಿ ಕಣವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಕೊನೆಗೆ ಜವರಮ್ಮ ತಾನೇ ಹೋಗಿ ಬೆಲ್ಲ ತಂದಳು. ಭಾನುವಾರ ಬೆಳಗಾಗುವ ಮುಂಚೆ ಎದ್ದು ಅರವತ್ತು ಒಬ್ಬಟ್ಟು ತಟ್ಟಿದಳು. ಕೈ ಬಿಡುವಿಲ್ಲದೆ, ನೆಂಟರನ್ನು ಕರೆತರಲು ಬಸ್ ಸ್ಟಾಪಿಗೆ ಮಗನನ್ನೇ ಕಳಿಸಿದಳು. ಅವನು ಕುಕ್ಕೆ, ಮೊರ ಹಿಡಿದು ಹೋದದ್ದನ್ನು ಅವಳು ನೋಡಲಿಲ್ಲ.

ಬಸ್ಸಿನಿಂದ ಸಾವಂತ್ರಮ್ಮ ಇಳಿದಳು, ಮಕ್ಕಳು ಇಳಿದವು, ಅವಳ ಗಂಡ ನಿಂಗರಾಜು ಇಳಿದ. ನಿಂಗರಾಜು ಸಾಧು ಪ್ರಾಣಿ, ಬಸ್ಸಿನಲ್ಲಿ ಮಾಡಿದ ನಿದ್ದೆ ಇನ್ನೂ ಬಿಟ್ಟಿರಲಿಲ್ಲ. ಎಲ್ಲರೂ ನೋಡುತ್ತಿದ್ದಂತೆ ಮುದ್ದಯ್ಯ ನಾಲ್ಕು ವರ್ಷದ ಚಂದುವನ್ನು ಎತ್ತಿ ಕುಕ್ಕೆಯಲ್ಲಿಟ್ಟ, ಮೊರ ಮುಚ್ಚಿದ, ತಲೆ ಮೇಲೆ ಹೊತ್ತು ಹೊರಟ. ಮುಂದೆ ಕುಕ್ಕೆ, ಹಿಂದೆ ಬಾಯಿ ಬಡಿದುಕೊಳ್ಳುತ್ತ ಸಾವಂತ್ರಮ್ಮ. ಮನೆ ಮುಂದೆ ಇಳಿಸಿದಾಗ ಚಂದು, "ಇನ್ನೊಂದ್ ಸಲ" ಅಂದ. ಪಲ್ಲವಿ, "ಈಗ ನನ್ ಸರದಿ" ಅಂದಳು.

"ನಾನ್ ನೋಡ್ಬೇಕಾದ್ದು ನೋಡ್ದೆ ಅತ್ಗೆ," ಅಂದಳು ಸಾವಂತ್ರಮ್ಮ. "ಆರತಿಗೀರತಿ ನಮ್ಮನೇಲೇ ಆಗ್ಲಿ. ಊಟ ಆದೇಟ್ಗೆ ಆಟೋ ಬತ್ತದೆ. ಅವ್ವನ ಬಟ್ಟೆ ಗಂಟು ಕಟ್ಟಿ."

ಅಜ್ಜಿ ಎಲೆ ಅಡಿಕೆ ಜಗಿಯುತ್ತ ಕೂತಿದ್ದಳು. ಜವರಮ್ಮ ಮಗನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು.

"ಮನೆಗೆ ಬಂದೋರ್ನ ಹಂಗೇನೋ ನಡೆಸ್ಕೊಳ್ಳೋದು? ಕಾಲಿಗೆ ನೀರು ಕೊಟ್ಟು, ಒಳಕ್ಕೆ ಕರ್ದು, ಉಣ್ಣಿ ಉಣ್ಣಿ ಅಂತ ಬಲವಂತ ಮಾಡ್ಬೇಕು. ಸಾಕು ಅನ್ನೋಗಂಟ ಬುಡಬಾರದು."

"ಆಗ್ಲಿ ಕಣವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಆಮೇಲೆ ಮನೆಗೆ ಬಂದದ್ದು ಊರ ಗೂಳಿ. ಮುದ್ದಯ್ಯ ಅದರ ನಾಲ್ಕು ಕಾಲಿಗೂ ನೀರು ಹಾಕಿದ, ಒಳಕ್ಕೆ ಕರೆದ, ಊಟದ ಎಲೆ ಹಾಸಿದ. ಅದು ಎಲೆಯನ್ನೂ ತಿಂದಿತು. ಉಣ್ಣಿ ಉಣ್ಣಿ ಎಂದು ಒಬ್ಬಟ್ಟು ಬಡಿಸಿದ. ಗೂಳಿ ಒಂದು ಸಲವೂ ಸಾಕು ಅನ್ನಲಿಲ್ಲ. ಜವರಮ್ಮ ಬಂದು ನೋಡುವಾಗ ಅರವತ್ತನೆಯ ಒಬ್ಬಟ್ಟು ಅದರ ಬಾಯಲ್ಲಿತ್ತು.

"ನನ್ ಹೊಟ್ಟೆ ಉರಿಸ್ಬೇಡ ಕಣೋ. ಬಾಗ್ಲಿಗೆ ಬಂದ್ರೆ ಕೋಲ್ ತಗೊಂಡು, ಹೋಗ್ ಹೋಗ್ ಅಂತ ಊರಾಚೆ ಗಂಟ ಅಟ್ಬೇಕು. ತಿಳೀತಾ?"

"ಆಗ್ಲಿ ಕಣವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಹಬ್ಬದ ಊಟ ಅನ್ನ ಸಾರಿನಲ್ಲಿ ಮುಗಿಯಿತು. ಆಟೋ ಬಾಗಿಲಿಗೆ ಬಂದು ನಿಂತಿತು. ಉಂಡ ಭಾರಕ್ಕೆ ಕಣ್ಣು ಎಳೆಯುತ್ತಿದ್ದ ನಿಂಗರಾಜು ಮೊದಲೇ ಹೋಗಿ ಹಿಂದಿನ ಸೀಟಿನಲ್ಲಿ ಒರಗಿ ನಿದ್ದೆಹೋದ. ಒಳಗೆ ಜವರಮ್ಮ ಅತ್ತೆಯ ಸೀರೆಗಳನ್ನು ಮಡಿಸಿ ಗಂಟು ಕಟ್ಟುತ್ತಿದ್ದಳು. ಕಣ್ಣೀರಿನಲ್ಲಿ ಗಂಟು ಸರಿಯಾಗಿ ಕಾಣುತ್ತಿರಲಿಲ್ಲ. ಸಾವಂತ್ರಮ್ಮ ತಾಯಿಯ ಕೈ ಹಿಡಿದು ಎಬ್ಬಿಸುತ್ತಿದ್ದಳು.

ಆಗ ಹೊರಗೆ ಕೇಳಿಸಿತು: "ಹೋಗ್, ಹೋಗ್."

ಬಾಗಿಲೆತ್ತರದ ಆಳು, ಕೈಯಲ್ಲಿ ಮಾರುದ್ದದ ಕೋಲು. ಆಟೋದವನು ಯಾಕೆ, ಏನು ಎಂದು ಕೇಳಲಿಲ್ಲ. ಗಾಡಿ ತಿರುಗಿಸಿದವನು ಕೆರೆ ಏರಿ ದಾಟುವ ತನಕ ನಿಲ್ಲಿಸಲಿಲ್ಲ. ಮಲಗಿದ್ದ ನಿಂಗರಾಜುವನ್ನೂ ಹೊತ್ತುಕೊಂಡು ಹೋದ. ಮುದ್ದಯ್ಯ ಊರಾಚೆ ತನಕ ಅಟ್ಟಿ, ಬಂದು ಬಾಗಿಲಲ್ಲಿ ನಿಂತ.

ಜವರಮ್ಮ ಬಯ್ಯಲು ಬಾಯಿ ತೆರೆದಳು. ಅಷ್ಟರಲ್ಲಿ ಅಜ್ಜಿ, "ಆಟೋ ಹೋಯ್ತಾ? ಒಳ್ಳೇದಾಯ್ತು," ಎಂದು ಮತ್ತೆ ಕೂತು, ಗಂಟು ಬಿಚ್ಚತೊಡಗಿದಳು.

"ಇದೇನವ್ವ ಹಿಂಗಂತೀಯ?" ಅಂದಳು ಸಾವಂತ್ರಮ್ಮ.

"ನೀನೂ ನನ್ ಹೊಟ್ಟೇಲಿ ಹುಟ್ಟಿದೋಳಲ್ವಾ, ಬರಲ್ಲ ಅನ್ನೋಕೆ ಬಾಯಿ ಬರ್ನಿಲ್ಲ. ಜವರಿ ಇಲ್ದೆ ನಂಗೆ ಎಲೆ ಅಡಿಕೆ ರುಚಿಸಾಕಿಲ್ಲ ಕಣೆ. ಮುದ್ದಯ್ಯ ಇಲ್ದೆ ಹೊತ್ತು ಹೋಗಾಕಿಲ್ಲ."

"ಮೊದ್ಲೇ ಹೇಳ್ಬಾರ್ದಾಗಿತ್ತಾ?"

"ನೀನು ಕೇಳಿದ್ರಲ್ವಾ ಹೇಳೋದು."

ಸಾವಂತ್ರಮ್ಮ ತಾಯಿಯ ಪಕ್ಕ ಕೂತಳು. ಆಮೇಲೆ ತಾನೇ ಗಂಟಿನಿಂದ ಒಂದು ಹೊಸ ಸೀರೆ ತೆಗೆದು ತಾಯಿಗೆ ಉಡಿಸಿದಳು. ಜವರಮ್ಮನಿಗೆ ಎದೆಯ ಮೇಲಿದ್ದ ಬೀಸುವ ಕಲ್ಲು ಇಳಿಸಿದಂತಾಯಿತು. ಅಳುತ್ತಲೇ ನಕ್ಕಳು, ನಗುತ್ತಲೇ ಮಣೆ ಹಾಕಿದಳು. ಅಜ್ಜಿ ಕೂತಳು. ಮಕ್ಕಳಿಬ್ಬರೂ ಒಂದೇ ತಟ್ಟೆ ಹಿಡಿದು, ನೀನು ಅಲ್ಲಾಡಿಸ್ತೀಯ ನಾನು ಅಲ್ಲಾಡಿಸಲ್ಲ ಎಂದು ಜಗಳವಾಡುತ್ತ ಆರತಿ ಎತ್ತಿದವು. ಅಜ್ಜಿಯ ಬಾಯಿಗೆ ಹಿಡಿ ಸಕ್ಕರೆ ತುಂಬಿದವು.

ಅಷ್ಟು ಹೊತ್ತಿಗೆ ನಿಂಗರಾಜು ಧೂಳು ಕಾಲಿನಲ್ಲಿ ನಡೆದುಕೊಂಡು ಬಾಗಿಲಿಗೆ ಬಂದ.

"ಹೋಗ್, ಹೋಗ್."

"ಏಯ್, ನಾನು ಕಣೋ ಮುದ್ದಯ್ಯ, ನಿಮ್ ಮಾವ."

"ಗೊತ್ತು ಕಣ್ ಮಾವ. ಆದ್ರೆ ಬಾಗ್ಲಿಗೆ ಬಂದಿದ್ದೀರಲ್ಲ."

ಒಳಗಿದ್ದ ಜವರಮ್ಮನಿಗೆ ಆಗ ಹೊಳೆಯಿತು. ಸಂತೋಷದಲ್ಲಿ ಈ ಸಲ ಮಗನಿಗೆ ಬಯ್ಯುವುದನ್ನೇ ಅವಳು ಮರೆತಿದ್ದಳು. ಆರತಿ ತಟ್ಟೆ ಹಿಡಿದುಕೊಂಡೇ ಹೊರಗೆ ಓಡಿ ಬಂದಳು. ಮಾವ ಮುಂದೆ, ಕೋಲು ಹಿಡಿದ ಮುದ್ದಯ್ಯ ಹಿಂದೆ, ಇಬ್ಬರೂ ಆಗಲೇ ಕೆರೆ ಏರಿ ದಾಟಿದ್ದರು.