ದರ್ಜಿ ಎಸೆದ ಮಾತ್ರೆ

“ಗುರುಗಳೇ, ಮದ್ದಿನ ಗುಣವನ್ನು ಕಣ್ಣಾರೆ ಕಂಡವನೂ ಅದನ್ನು ಎಸೆಯುತ್ತಾನಲ್ಲ, ಅದು ರೋಗವೋ ಮೂರ್ಖತನವೋ?” ಎಂದು ವೈದ್ಯನಾಗಿದ್ದ ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಂದೂರಿನಲ್ಲಿ ಒಬ್ಬ ದರ್ಜಿ ಅಣ್ಣನ ಮನೆಯಲ್ಲಿದ್ದ. ಅವನು ಹೊಲಿದ ರವಿಕೆ ತೊಟ್ಟವರು ಬೇರೆಯವರ ಬಳಿ ಹೋಗುತ್ತಿರಲಿಲ್ಲ. ಮೂವತ್ತರ ಹೊತ್ತಿಗೆ ಅವನಿಗೆ ದನಿಗಳು ಕೇಳತೊಡಗಿದವು. ಗೋಡೆಯಾಚೆಯಿಂದ ಯಾರೋ ಬೈಯುವರು, ನೀರಿಗೆ ವಿಷ ಹಾಕಿದ್ದೇವೆ ಎನ್ನುವರು. ಬೀದಿಯಲ್ಲಿ ಯಾರು ಕೆಮ್ಮಿದರೂ ಅದು ತನ್ನನ್ನು ಕುರಿತ ಸನ್ನೆಯೆಂದು ಅವನು ಹೆದರುವನು. ಮೂರು ದಿನ ನೀರು ಮುಟ್ಟದೆ ಕುಸಿದು ಬಿದ್ದಾಗ ಅಣ್ಣ ಆಸ್ಪತ್ರೆಗೆ ಒಯ್ದ.

“ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವೊಂದಿದೆ. ಅದು ಅತಿಯಾದರೆ ಕೆಮ್ಮಿಗೂ ಅರ್ಥ ಹುಟ್ಟುತ್ತದೆ. ಈ ಮಾತ್ರೆ ಅದನ್ನು ತಡೆಯುತ್ತದೆ,” ಎಂದರು ಡಾಕ್ಟರು.

ಮಾತು ಸುಳ್ಳಾಗಲಿಲ್ಲ. ತಿಂಗಳೊಪ್ಪತ್ತಿನಲ್ಲಿ ದನಿಗಳು ಅಡಗಿದವು. ದರ್ಜಿ ಹೊಟ್ಟೆ ತುಂಬ ನೀರು ಕುಡಿದ. ಆದರೆ ಮಾತ್ರೆಯ ದೆಸೆಯಿಂದ ಕೈ ನಡುಗತೊಡಗಿತು, ಸೂಜಿಗೆ ದಾರ ಪೋಣಿಸಲು ಅರ್ಧ ಗಂಟೆ ಹಿಡಿಯುತ್ತಿತ್ತು. ಅದನ್ನು ಡಾಕ್ಟರಿಗೆ ಹೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಅವನು ಹೊಲಿಗೆ ಯಂತ್ರ ಒರೆಸಿಟ್ಟು ಗಿರಾಕಿಗಳಿಗಾಗಿ ಕಾದ. ಊರವರು ‘ಅವನ ಕೈಯಲ್ಲಿ ಕತ್ತರಿ ಇರುತ್ತದೆ’ ಎಂದು ಪಿಸುಗುಟ್ಟಿ ಬೇರೆ ಬೀದಿಯ ದರ್ಜಿಯ ಬಳಿ ಹೋದರು. ಅತ್ತಿಗೆ ಊಟದ ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ಹೋಗುತ್ತಿದ್ದಳು. ದಿನಕ್ಕೊಂದೇ ಮಾತು ಅವನ ಕಿವಿಗೆ ಬೀಳುತ್ತಿತ್ತು: “ಮಾತ್ರೆ ನುಂಗಿದೆಯಾ?”

ಎರಡು ವರ್ಷ ನುಂಗಿದ. ಒಂದು ಬೆಳಿಗ್ಗೆ ಮಾತ್ರೆಗಳನ್ನೆಲ್ಲ ಬಚ್ಚಲಿಗೆ ಸುರಿದ. ಕೆಲವು ವಾರಗಳಲ್ಲಿ ದನಿಗಳು ಮರಳಿದವು. ಅಣ್ಣ ಸಿಟ್ಟಿನಿಂದ ಅವನ ರಟ್ಟೆ ಹಿಡಿದ.

“ಅವು ನಿನ್ನನ್ನು ತಿಂದುಹಾಕುತ್ತವೆ ಅಂತ ಗೊತ್ತಿದ್ದೂ ಯಾಕೋ ಬಿಟ್ಟೆ?”

“ಗೊತ್ತಣ್ಣ. ಬೈಯುತ್ತವೆ. ಆದರೆ ಹೆಸರು ಹಿಡಿದು ಬೈಯುತ್ತವೆ.”

ಅಣ್ಣ ಅವನ ಕೈ ಕಟ್ಟಿ ಮತ್ತೆ ಆಸ್ಪತ್ರೆಗೆ ಒಯ್ದ. ಈಗ ತಿಂಗಳಿಗೊಮ್ಮೆ ಇಂಜೆಕ್ಷನ್ ಕೊಡುತ್ತಾರೆ, ಅದನ್ನು ಎಸೆಯುವ ಹಾಗಿಲ್ಲ. ದನಿಗಳು ಅಡಗಿವೆ. ದರ್ಜಿ ಜಗಲಿಯ ಮೇಲೆ ಸುಮ್ಮನೆ ಕೂತಿರುತ್ತಾನೆ. ಮಾತ್ರೆಯೇ ಇಲ್ಲವಾದ್ದರಿಂದ ಮನೆಯವರು ಆ ಒಂದು ಮಾತನ್ನೂ ಕೇಳಬೇಕಾಗಿಲ್ಲ. ಪೂರ್ತಿ ವಾಸಿಯಾಯಿತು ಎನ್ನುತ್ತಾರೆ ಊರವರು.

ಶಿಷ್ಯ ತಡೆಯಲಾರದೆ ಕೇಳಿದ, “ಹಾಗಾದರೆ ತಪ್ಪು ಮದ್ದಿನದೇ, ಗುರುಗಳೇ?”

“ಇಲ್ಲದ ದನಿಗಳನ್ನು ಮದ್ದು ನಿಲ್ಲಿಸಿತು, ಇದ್ದ ದನಿಗಳನ್ನು ನಿಲ್ಲಿಸಿದ್ದು ಯಾವ ಮದ್ದಪ್ಪ?”