ಹಲ್ಲಿ ನುಂಗಿದ ಹಾಡು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ, ಕಂದಾ. ಭೂಮಿಯ ಮೊದಲ ಮನೆಗೆ ಮೊದಲ ಗೋಡೆ ಎದ್ದಿತ್ತು. ಅದರ ಮಣ್ಣೂ ಆರಿರಲಿಲ್ಲ. ಗೋಡೆಯ ಪಕ್ಕ ಒಂದು ದೀಪ, ದೀಪದ ಪಕ್ಕ ಒಂದು ಹಲ್ಲಿ.

ಆಗ ಇದ್ದದ್ದು ಒಂದೇ ಪತಂಗ. ಅವಳಿಗೆ ಬರುತ್ತಿದ್ದದ್ದು ಒಂದೇ ಹಾಡು. ಮುಸ್ಸಂಜೆಗೆ ಅವಳು ಹಾಡತೊಡಗಿದರೆ ಗಾಳಿ ಕಿಟಕಿಯಲ್ಲೇ ನಿಲ್ಲುತ್ತಿತ್ತು. ದೀಪ ಅಲುಗಾಡುತ್ತಿರಲಿಲ್ಲ.

"ಇನ್ನೊಂದು ಸಲ, ಪತಂಗಮ್ಮ," ಎನ್ನುತ್ತಿತ್ತು ಗಾಳಿ.

"ಇನ್ನೊಂದೇ ಸಲ," ಎನ್ನುತ್ತಿತ್ತು ದೀಪ.

ಹಲ್ಲಿಯನ್ನು ಮಾತಾಡಿಸುವವರೇ ಇಲ್ಲ! ಅವಳಿಗೆ ಮೈಯೆಲ್ಲ ಉರಿ. 'ಈ ಗೋಡೆಗೆ ಮೊದಲು ಬಂದವಳು ನಾನು. ದೀಪಕ್ಕೆ ಜೊತೆಯಾಗಿ ಕೂತವಳು ನಾನು. ಹೊಗಳಿಕೆ ಮಾತ್ರ ಆ ಹಿಟ್ಟುರೆಕ್ಕೆಯವಳಿಗೆ!' ಹಾಡು ಕೆಟ್ಟದಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಚೆನ್ನಾಗಿತ್ತಲ್ಲ, ಅದೇ ಅವಳಿಗೆ ಕಷ್ಟ.

ಒಂದು ಸಂಜೆ ಪತಂಗ ಗೋಡೆಗೆ ಅಂಟಿದ್ದ ತನ್ನ ಮರಿಗಳ ಗೂಡುಗಳನ್ನು ಸವರುತ್ತ ಹೇಳಿದಳು: "ಅಕ್ಕಾ, ನಾಳೆ ಮಕ್ಕಳು ಹೊರಗೆ ಬರ್ತಾರೆ. ಹಾಡು ಹೇಳಿಕೊಡ್ಬೇಕು. ನೀನೂ ಜೊತೆಗೆ ಕೂತ್ಕೋ, ನಿಂಗೂ ಹೇಳಿಕೊಡ್ತೀನಿ."

"ನೀನು ನಂಗೆ ಕಲಿಸೋಳಾ?" ಎಂದಳು ಹಲ್ಲಿ. ನಾಲಿಗೆ ಚಾಚಿದಳು. ಗುಳುಂ.

ಅವತ್ತು ಅವಳಿಗೆ ಹಸಿವಿರಲಿಲ್ಲ, ಕಂದಾ. ಅದನ್ನು ನೆನಪಿಟ್ಟುಕೋ.

ಹಾಡು ಈಗ ನನ್ನೊಳಗಿದೆ, ಇನ್ನು ನಾನೇ ಹಾಡುತ್ತೇನೆ ಎಂದು ಬಾಯಿ ತೆರೆದಳು. ಏನೂ ಬರಲಿಲ್ಲ. ಗಾಳಿ ಸ್ವಲ್ಪ ಹೊತ್ತು ಕಾದು ಹೊರಟುಹೋಯಿತು.

ಮರುದಿನ ಮರಿಗಳು ಬಂದವು. ದೀಪದ ಸುತ್ತ ಅಮ್ಮನನ್ನು ಹುಡುಕಿದವು. ಕೊನೆಗೆ ಹಲ್ಲಿಯ ಎದುರು ಬಂದು ಕೂತವು.

"ದೊಡ್ಡಮ್ಮಾ, ನೀನು ದಿನಾ ಅಮ್ಮನ ಪಕ್ಕದಲ್ಲೇ ಇರ್ತಿದ್ದೆಯಂತೆ, ಗಾಳಿ ಹೇಳ್ತು. ಅಮ್ಮನ ಹಾಡು ಹೇಳಿಕೊಡು."

ಹಲ್ಲಿಗೆ ಒಂದೊಂದು ಸಾಲೂ ನೆನಪಿತ್ತು. ಗಂಟಲಿಂದ ಬಂದದ್ದು ಮಾತ್ರ, "ಲೊಚ್, ಲೊಚ್, ಲೊಚ್."

"ಇದೇನಾ ಅಮ್ಮನ ಹಾಡು?" ಎಂದಿತು ಎಲ್ಲಕ್ಕಿಂತ ಚಿಕ್ಕದು.

ಹಲ್ಲಿ ಗೋಡೆಯ ಮೂಲೆಗೆ ಮುಖ ತಿರುಗಿಸಿದಳು.

ಈಗಲೂ ಹಲ್ಲಿ ಪತಂಗ ತಿನ್ನುತ್ತಲ್ಲಾ ಅನ್ನಬೇಡ. ತಿನ್ನುತ್ತೆ, ಹೊಟ್ಟೆ ಕೇಳಬೇಕಲ್ಲ. ಹಸಿದು ತಿಂದದ್ದಕ್ಕೆ ಅವಳು ಲೊಚಗುಟ್ಟುವುದಿಲ್ಲ. ಹೊಟ್ಟೆ ತುಂಬಿ ಸುಮ್ಮನೆ ಕೂತಾಗ ಆ ಒಂದು ಸಂಜೆ ನೆನಪಾಗುತ್ತದೆ.

ಅದಕ್ಕೇ ಇವತ್ತಿಗೂ ಪತಂಗಗಳು ಸದ್ದಿಲ್ಲದೆ ದೀಪ ಸುತ್ತುತ್ತವೆ, ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟುತ್ತದೆ, ಅದನ್ನು ಕೇಳಿದಾಗೆಲ್ಲ ನಿನ್ನ ಈ ಅಜ್ಜಿ ನೆಲಕ್ಕೆ ಬೆರಳು ತಟ್ಟಿ, ಕೇಳಿಸಿತಮ್ಮ, ಕೇಳಿಸಿತು ಅನ್ನುತ್ತಾಳೆ.